ನೋವು ಬರಿಸಿದ ಮೇಲೆ ಮಗುವಿನ ಎದೆಬಡಿತ ಕೇಳುವವರು ಬೇಕು

ಸಂಪಾದಕರೇ,

ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಂದ ದಿನ ತುಂಬಿದ ಬಸುರಿಯನ್ನು ಆಸ್ಪತ್ರೆಗೆ ಕರೆತಂದರೆ, ಈ ಮಳೆಯಲ್ಲಿ ಮತ್ತೆ ಮನೆಗೆ ಹೋಗಿ ಬರೋದು ಕಷ್ಟ ಅಂತ ಔಷಧಿ ಕೊಟ್ಟು ನೋವು ಬರಿಸಿಯೇ ಹೆರಿಗೆ ಮಾಡಿಸುವುದುಂಟು. ಬಿ.ಪಿ., ಶುಗರ್ ಇದ್ದರೆ, 41 ವಾರ ದಾಟಿದರೆ ಅದು ಬೇಕಾಗಬಹುದು, ಸರಿ. ಆದರೆ ಆಮೇಲೆ ಮಗುವಿನ ಎದೆಬಡಿತ ಕೇಳುವವರು ಯಾರು?

ಗರ್ಭಕೋಶ ಬಿಗಿಯಾದಾಗಲೆಲ್ಲ ಮಾಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಸಡಿಲಾದಾಗ ಮಗು ಸುಧಾರಿಸಿಕೊಳ್ಳುತ್ತದೆ. ಔಷಧಿ ಜಾಸ್ತಿಯಾಗಿ 10 ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಸಲ ನೋವು ಬರತೊಡಗಿದರೆ ಆ ಬಿಡುವು ಸಾಲುವುದಿಲ್ಲ. ನಿಮಿಷಕ್ಕೆ 110ರಿಂದ 160 ಇರಬೇಕಾದ ಬಡಿತ ಇಳಿಯಬಹುದು. ನೋವು ಬರಿಸುವ ಎಲ್ಲ ವಿಧಾನವೂ ಒಂದೇ ಅಲ್ಲ. ಗರ್ಭಕೋಶದ ಬಾಯೊಳಗೆ ಇಡುವ ಫೋಲಿ ಬಲೂನಿನಲ್ಲಿ ಈ ತೊಂದರೆ ಕಡಿಮೆ. ಆಕ್ಸಿಟೋಸಿನ್ ಡ್ರಿಪ್ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಅದರ ಜೋರು ಇಳಿಯುತ್ತದೆ. ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದ ಮೇಲೆ ವಾಪಸ್ ತೆಗೆಯೋಕಾಗುತ್ತಾ? ಅದಕ್ಕೇ ಬಾಯಿಗೆ ಕೊಡುವುದಾದರೆ ಒಂದು ಸಲಕ್ಕೆ 25 ಮೈಕ್ರೋಗ್ರಾಂ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಔಷಧಿಗಳನ್ನು ಕೊಟ್ಟ ಹೆಂಗಸನ್ನು ನೋಡಿಕೊಳ್ಳುವವರಿಲ್ಲದೆ ಬಿಡಲೇಬಾರದು ಅಂತಲೂ ಹೇಳಿದೆ.

ನಮ್ಮಕ್ಕನ ಮಗಳಿಗೆ ಒಂದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದರು. ಇದ್ದ ಒಬ್ಬರೇ ಸಿಸ್ಟರ್ ಪಕ್ಕದ ಹೆರಿಗೆ ನೋಡುತ್ತಿದ್ದರು. ಅವರು ಬಂದು ಎದೆಬಡಿತ ಕೇಳಿಸುವ ಡಾಪ್ಲರ್ ಇಟ್ಟಾಗ ಬಡಿತ 90ಕ್ಕೆ ಬಂದಿತ್ತು. ತಕ್ಷಣ ಡ್ರಿಪ್ ನಿಲ್ಲಿಸಿ ಎಡಮಗ್ಗುಲಿಗೆ ಮಲಗಿಸಿದರು, ಪುಣ್ಯಕ್ಕೆ ಮಗು ಚೇತರಿಸಿಕೊಂಡಿತು. ಆ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ, ಒಬ್ಬರೇ ಎಷ್ಟು ಮಂಚ ನೋಡ್ತಾರೆ? ಅವರನ್ನು ಒಬ್ಬರನ್ನೇ ಬಿಟ್ಟವರ ಮೇಲೆ ಸಿಟ್ಟು.

ಮನೆಯವರಿಗೂ ಒಂದು ಮಾತು. ಅಮಾವಾಸ್ಯೆಗೆ ಮುಂಚೆ ಹೆರಿಗೆಯಾಗಲಿ ಅಂತ ಡಾಕ್ಟರಿಗೆ ದುಂಬಾಲು ಬೀಳಬೇಡಿ. ಯಾವ ಔಷಧಿ ಕೊಡ್ತಿದ್ದೀರಿ, ಯಾಕೆ, ಈಗ ಬಡಿತ ಎಷ್ಟಿದೆ ಅಂತ ಕೇಳಿ. ಕೇಳಿದ್ದಕ್ಕೆ ಯಾರಾದರೂ ಗದರಿದರೂ ಸುಮ್ನಾಗಬೇಡಿ.

ಜಿಲ್ಲೆಯ ಆರೋಗ್ಯ ಇಲಾಖೆಯವರು ತಾಲ್ಲೂಕು ಆಸ್ಪತ್ರೆಗಳಲ್ಲಿ ನೋವು ಬರಿಸುವ ತಾಯಿಯ ಹತ್ತಿರ ಒಬ್ಬ ಸಿಸ್ಟರ್ ಇರುವಂತೆ ನೋಡಿಕೊಳ್ಳಲಿ. ಮಗುವಿನ ಬಡಿತವನ್ನೂ ನೋವನ್ನೂ ಒಟ್ಟಿಗೆ ದಾಖಲಿಸುವ ಸಿಟಿಜಿ ಯಂತ್ರ ಬೇಕು, ಮಳೆಗಾಲದಲ್ಲಿ ಕರೆಂಟ್ ಹೋದರೂ ಅದು ನಡೆಯಬೇಕು. ಇಷ್ಟಕ್ಕೆ ಅನುಕೂಲ ಇಲ್ಲದ ಕಡೆ ಔಷಧಿ ಶುರು ಮಾಡುವ ಮೊದಲೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿ, ಬಡಿತ ಇಳಿದ ಮೇಲೆ 108 ಕರೆಸಿ ಓಡಿಸಬೇಡಿ.

— ಓದುಗರೊಬ್ಬರು, ಹೊಸನಗರ ತಾಲ್ಲೂಕು