ನೀರಿನ ಒತ್ತುವಿಕೆಯಿಂದ ಪಾಠ ಆರಂಭಿಸು

ತೀರ್ಥಹಳ್ಳಿ

ಚಿ. ಮೇಘನಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಗಂಗಾವತಿ ಕಡೆಯ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿರುವೆ ಎಂದೂ, ತೇಲುವಿಕೆ ಮತ್ತು ಸಾಂದ್ರತೆಯ ಭಾಗ ಹತ್ತಿರ ಬಂದಿದೆ ಎಂದೂ, ಅದನ್ನು ಎಲ್ಲಿಂದ ಹಿಡಿಯಬೇಕೆಂದು ತೋಚುತ್ತಿಲ್ಲವೆಂದೂ ಬರೆದಿದ್ದೀಯೆ. ನಿವೃತ್ತಳಾಗುವವರೆಗೂ ನಾನು ಬಹಳ ಇಷ್ಟಪಟ್ಟು ಕಲಿಸಿದ ಪಾಠಗಳಲ್ಲಿ ಅದೂ ಒಂದು. ಆದ್ದರಿಂದ ಈ ಪತ್ರ ಸ್ವಲ್ಪ ದೀರ್ಘವಾದರೂ ಬಿಡುವು ಮಾಡಿಕೊಂಡು ಓದು.

ನೀರಿಗಿಂತ ಸಾಂದ್ರತೆ ಕಡಿಮೆಯಿರುವ ವಸ್ತು ತೇಲುತ್ತದೆ, ಹೆಚ್ಚಿರುವ ವಸ್ತು ಮುಳುಗುತ್ತದೆ ಎಂಬ ವಾಕ್ಯ ನಿಜ, ಪರೀಕ್ಷೆಯಲ್ಲಿ ಅಂಕವನ್ನೂ ತಂದುಕೊಡುತ್ತದೆ. ಆದರೆ ಆ ವಾಕ್ಯವನ್ನು ಮೊದಲ ದಿನವೇ ಕಪ್ಪುಹಲಗೆಯ ಮೇಲೆ ಬರೆದರೆ, ಅಲ್ಲಿಯವರೆಗೆ "ಭಾರವಾದದ್ದು ಮುಳುಗುತ್ತದೆ" ಎನ್ನುತ್ತಿದ್ದ ಹುಡುಗ ಮರುದಿನದಿಂದ "ಸಾಂದ್ರವಾದದ್ದು ಮುಳುಗುತ್ತದೆ" ಎನ್ನಲು ಕಲಿಯುತ್ತಾನೆ. ಏಕೆ ಎಂದು ಕೇಳಿದರೆ ಮೊದಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ. ವಸ್ತುವನ್ನು ಮೇಲಕ್ಕೆ ಎತ್ತುತ್ತಿರುವುದು ನೀರು, ಆ ವಾಕ್ಯದಲ್ಲಾದರೋ ನೀರು ಏನು ಮಾಡುತ್ತಿದೆ ಎಂಬ ಸುಳಿವೇ ಇಲ್ಲ. ಮಕ್ಕಳ ಕೈಗೆ ಮೊದಲು ನೀರಿನ ಒತ್ತುವಿಕೆ ತಿಳಿಯಲಿ, ಅನಂತರ ಅದನ್ನು ಅಳೆಯಲಿ, ಸಾಂದ್ರತೆಯ ಮಾತು ಎಲ್ಲಕ್ಕಿಂತ ಕೊನೆಗೆ ಬರಲಿ ಎಂಬುದು ನಾನು ನಿನಗೆ ಹೇಳಬೇಕಾಗಿರುವ ಮುಖ್ಯ ಸಂಗತಿ.

ಒಂದು ದೊಡ್ಡ ಬಕೆಟ್ಟಿನ ತುಂಬ ನೀರು, ಖಾಲಿ ಸ್ಟೀಲ್ ಚೆಂಬು, ಇಷ್ಟಿದ್ದರೆ ಮೊದಲ ಅವಧಿ ಸಾಗುತ್ತದೆ. ಚೆಂಬಿನ ಬಾಯಿ ಮೇಲಿರುವಂತೆಯೇ ಅದನ್ನು ಅಂಗೈಯಿಂದ ನಿಧಾನವಾಗಿ ಕೆಳಗೆ ಒತ್ತಲು ಪ್ರತಿ ಮಗುವಿಗೂ ಹೇಳು. ಚೆಂಬು ಇಳಿದಷ್ಟೂ ಕೈಗೆ ಬರುವ ಎದುರೊತ್ತು ಹೆಚ್ಚುತ್ತದೆ, ಬಕೆಟ್ಟಿನ ನೀರಿನ ಮಟ್ಟವೂ ಅದರೊಂದಿಗೆ ಏರುತ್ತದೆ. ಈ ಎರಡು ಏರಿಕೆಗಳಿಗೂ ಸಂಬಂಧವಿದೆಯೆಂದು ನೀನು ಹೇಳಬೇಡ, ತರಗತಿಯಲ್ಲಿ ಯಾರಾದರೂ ಅದನ್ನು ಗಮನಿಸುವವರೆಗೂ ಕಾಯಿ. ಬಾವಿಯಿಂದ ನೀರು ಸೇದಿದ ಮಕ್ಕಳು ನಿನ್ನ ಶಾಲೆಯಲ್ಲಿ ಇದ್ದರೆ ಅವರನ್ನು ಎಬ್ಬಿಸಿ ನಿಲ್ಲಿಸಿ ಮಾತನಾಡಿಸು. ತುಂಬಿದ ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಹಗ್ಗ ಹಗುರವಾಗಿ ಬರುತ್ತದೆ, ಕೊಡ ನೀರಿನ ಮೇಲ್ಮೈಯನ್ನು ಬಿಟ್ಟು ಏಳುವಾಗ ಅದರ ಪೂರ್ತಿ ಭಾರ ತೋಳಿನ ಮೇಲೆ ಬೀಳುತ್ತದೆ. ಪಾಠಕ್ಕೆ ಬೇಕಾದ ಅನುಭವ ಆ ಮಕ್ಕಳಲ್ಲಿ ಆಗಲೇ ಇದೆ. ಅದನ್ನು ಬಾಯಿಬಿಟ್ಟು ಹೇಳಿಸುವುದು ನಿನ್ನ ಕೆಲಸ.

ಎರಡನೆಯ ಅವಧಿಗೆ ಒಂದು ಸ್ಪ್ರಿಂಗ್ ತಕ್ಕಡಿ, ಅಡುಗೆಮನೆಯಲ್ಲಿ ಬಳಸುವ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಮತ್ತು ಒಂದು ಹಿಡಿಗಲ್ಲು ಸಾಕು. ನಿಮ್ಮ ಊರಿನ ಸುತ್ತ ಎಲ್ಲಿ ನೋಡಿದರೂ ಗ್ರಾನೈಟ್ ಬಂಡೆಗಳೇ, ಆದ್ದರಿಂದ ಕಲ್ಲಿಗೆ ಹುಡುಕಾಡಬೇಕಿಲ್ಲ. ಕಲ್ಲು 260 ಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳೋಣ. ಗ್ರಾನೈಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.6 ಗ್ರಾಂ ಆಗಿರುವುದರಿಂದ ಅದರ ಗಾತ್ರ 100 ಘನ ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ದಾರಕ್ಕೆ ಕಟ್ಟಿ ಸ್ಪ್ರಿಂಗ್ ತಕ್ಕಡಿಯಿಂದ ನೀರಿನಲ್ಲಿ ಇಳಿಬಿಟ್ಟರೆ ಮುಳ್ಳು 160ಕ್ಕೆ ಇಳಿಯುತ್ತದೆ. ಹೆಚ್ಚಿನ ಶಿಕ್ಷಕರು ಇಲ್ಲಿಗೆ ನಿಲ್ಲಿಸಿ, ವಸ್ತು ಸರಿಸಿದ ನೀರಿನ ತೂಕದಷ್ಟೇ ಬಲ ಅದನ್ನು ಮೇಲೆತ್ತುತ್ತದೆ ಎಂಬ ಆರ್ಕಿಮಿಡೀಸನ ತತ್ವವನ್ನು ಬರೆಸಿಬಿಡುತ್ತಾರೆ. ನೀನು ನಿಲ್ಲಿಸಬೇಡ. ಆ 100 ಗ್ರಾಂ ಎಲ್ಲಿಗೆ ಹೋಯಿತು ಎಂದು ಮಕ್ಕಳನ್ನು ಕೇಳು. ನೀರಿನ ಪಾತ್ರೆಯನ್ನು ಮೊದಲೇ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟಿರು. ಕಲ್ಲು ತಳವನ್ನಾಗಲಿ ಬದಿಯನ್ನಾಗಲಿ ಮುಟ್ಟದೆ ನೀರಿನ ನಡುವೆ ತೂಗಾಡುತ್ತಿರುವಾಗ ಕೆಳಗಿನ ತಕ್ಕಡಿ ಮೊದಲಿಗಿಂತ ಸರಿಯಾಗಿ 100 ಗ್ರಾಂ ಹೆಚ್ಚು ತೋರಿಸುತ್ತದೆ. ನೀರು ಕಲ್ಲನ್ನು ಎಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆಯೋ ಅಷ್ಟೇ ಬಲದಿಂದ ಕಲ್ಲು ನೀರನ್ನು ಕೆಳಕ್ಕೆ ಒತ್ತುತ್ತದೆ ಎಂಬ ನ್ಯೂಟನ್ನನ ಮೂರನೆಯ ನಿಯಮ ಮಕ್ಕಳ ಕಣ್ಣೆದುರು ಅಂಕಿಗಳಾಗಿ ನಿಲ್ಲುತ್ತದೆ. ತೂಕ ಮಾಯವಾಗಲಿಲ್ಲ, ಮೇಲಿನ ತಕ್ಕಡಿ ಇಳಿಸಿದ್ದನ್ನು ಕೆಳಗಿನ ತಕ್ಕಡಿ ಹೊತ್ತುಕೊಂಡಿತು. ಇಡೀ ಪಾಠದಲ್ಲಿ ಒಂದೇ ಪ್ರಯೋಗಕ್ಕೆ ಸಮಯವಿದೆಯೆಂದರೆ ಇದನ್ನೇ ಮಾಡು, ಅದೂ ಅಂಕಿ ಏನಾಗುವುದೆಂದು ಪ್ರತಿಯೊಬ್ಬರಿಂದಲೂ ಮುಂಚಿತವಾಗಿ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡ ಮೇಲೆ. ಊಹೆಯನ್ನು ಬರೆದಿಡದ ಮಗು ಫಲಿತಾಂಶ ಕಂಡ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಎಂದು ಪ್ರಾಮಾಣಿಕವಾಗಿಯೇ ನಂಬಿಬಿಡುತ್ತದೆ.

ನೀರು ಮೇಲಕ್ಕೇ ಏಕೆ ಒತ್ತಬೇಕು ಎಂಬ ಪ್ರಶ್ನೆಯನ್ನು ಯಾವುದಾದರೂ ಚುರುಕು ಹುಡುಗಿ ಕೇಳಿಯೇ ಕೇಳುತ್ತಾಳೆ. ಹತ್ತು ಸೆಂಟಿಮೀಟರ್ ಬದಿಯ ಒಂದು ಘನವನ್ನು ಹಲಗೆಯ ಮೇಲೆ ಬರೆದು, ಅದರ ಮೇಲ್ಮುಖ ನೀರಿನಲ್ಲಿ 20 ಸೆಂಟಿಮೀಟರ್ ಆಳದಲ್ಲಿಯೂ ಕೆಳಮುಖ 30 ಸೆಂಟಿಮೀಟರ್ ಆಳದಲ್ಲಿಯೂ ಇದೆಯೆಂದು ಹೇಳು. ಆಳ ಹೆಚ್ಚಿದಷ್ಟೂ ನೀರಿನ ಒತ್ತಡ ಹೆಚ್ಚು. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ನೀರು ಮೇಲಿನ ಮುಖವನ್ನು 20 ನ್ಯೂಟನ್ ಬಲದಿಂದ ಕೆಳಕ್ಕೆ, ಕೆಳಗಿನ ಮುಖವನ್ನು 30 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತುತ್ತದೆ, ಬದಿಗಳ ಮೇಲಿನ ಒತ್ತಡಗಳು ಒಂದನ್ನೊಂದು ಸರಿದೂಗಿಸುತ್ತವೆ. ಉಳಿಯುವುದು ಮೇಲ್ಮುಖವಾದ 10 ನ್ಯೂಟನ್, ಅದು ಸರಿಯಾಗಿ ಒಂದು ಲೀಟರ್ ನೀರಿನ ತೂಕ, ಘನದ ಗಾತ್ರವೂ ಒಂದು ಲೀಟರೇ. ಈಗ ಅದೇ ಘನವನ್ನು ಒಂದು ಮೀಟರ್ ಆಳಕ್ಕೆ ಇಳಿಸಿ ಲೆಕ್ಕ ಮಾಡಿಸು. ಮೇಲೆ 100, ಕೆಳಗೆ 110, ವ್ಯತ್ಯಾಸ ಮತ್ತೆ ಹತ್ತೇ. ಪೂರ್ತಿ ಮುಳುಗಿದ ವಸ್ತುವನ್ನು ಇನ್ನೂ ಆಳಕ್ಕೆ ಕೊಂಡೊಯ್ದರೆ ನೀರು ಇನ್ನೂ ಜೋರಾಗಿ ಮೇಲೆತ್ತುತ್ತದೆ ಎಂಬ ತಪ್ಪು ನಂಬಿಕೆಗೆ ಈ ಲೆಕ್ಕಕ್ಕಿಂತ ಒಳ್ಳೆಯ ಮದ್ದಿಲ್ಲ.

ಇಷ್ಟಾದ ಮೇಲೆ ಸಾಂದ್ರತೆಯನ್ನು ತರಗತಿಯೊಳಕ್ಕೆ ಕರೆದುಕೊಂಡು ಬಾ. ಪೂರ್ತಿ ಮುಳುಗಿದ ವಸ್ತುವನ್ನು ನೀರು ಎತ್ತುವುದು ಅಷ್ಟೇ ಗಾತ್ರದ ನೀರಿನ ತೂಕದಷ್ಟು, ಭೂಮಿ ಎಳೆಯುವುದು ಅದರ ಸ್ವಂತ ತೂಕದಷ್ಟು. ಎರಡರಲ್ಲೂ ಗಾತ್ರ ಒಂದೇ ಆಗಿರುವುದರಿಂದ ಯಾವುದು ಗೆಲ್ಲುತ್ತದೆ ಎಂಬುದು ಒಂದು ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ ಎಂಬುದರಲ್ಲೇ ತೀರ್ಮಾನವಾಗುತ್ತದೆ. ಹೀಗೆ ಹೇಳಿದಾಗ ಸಾಂದ್ರತೆ ಬಾಯಿಪಾಠದ ಸೂತ್ರವಾಗಿ ಉಳಿಯುವುದಿಲ್ಲ, ಎರಡು ಬಲಗಳನ್ನು ಹೋಲಿಸುವ ಸುಲಭ ದಾರಿಯಾಗುತ್ತದೆ. ಕಬ್ಬಿಣ 7.9, ಅಲ್ಯೂಮಿನಿಯಂ 2.7, ಮಂಜುಗಡ್ಡೆ 0.92, ಸಮುದ್ರದ ನೀರು 1.025, ಪಾದರಸ 13.6 ಎಂಬ ಅಂಕಿಗಳನ್ನು ಕೊಟ್ಟು ಕಬ್ಬಿಣದ ಗುಂಡು ಪಾದರಸದಲ್ಲಿ ಏನಾಗುವುದೆಂದು ಕೇಳು. ಲೆಕ್ಕದಲ್ಲಷ್ಟೇ ಕೇಳು, ಪಾದರಸ ವಿಷ, ಅದನ್ನು ಮಕ್ಕಳ ಹತ್ತಿರ ತರಬಾರದು.

ಮಕ್ಕಳ ತಪ್ಪು ಕಲ್ಪನೆಗಳಲ್ಲಿ ಬಹಳ ಗಟ್ಟಿಯಾಗಿ ಬೇರೂರಿರುವುದು, ಒಳಗೆ ಗಾಳಿ ಇದ್ದರೆ ಮಾತ್ರ ವಸ್ತು ತೇಲುತ್ತದೆ ಎಂಬುದು. ಸಿಪ್ಪೆ ಸಹಿತ ತೇಲುವ ಕಿತ್ತಳೆ ಸಿಪ್ಪೆ ಸುಲಿದಾಗ ಸಾಮಾನ್ಯವಾಗಿ ಮುಳುಗುವ ಪ್ರಯೋಗ ಸೊಗಸಾದದ್ದು. ಭಾರ ಕಡಿಮೆಯಾದ ಹಣ್ಣು ಮುಳುಗಿದ್ದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಆದರೆ ಅದೊಂದನ್ನೇ ತೋರಿಸಿ ಬಿಟ್ಟರೆ ಗಾಳಿಯ ಕಲ್ಪನೆ ಮತ್ತಷ್ಟು ಬಲವಾಗುತ್ತದೆ. ಅದರ ಹಿಂದೆಯೇ ಮೇಣದ ತುಂಡನ್ನೂ ಒಂದು ಚಮಚ ಕೊಬ್ಬರಿ ಎಣ್ಣೆಯನ್ನೂ ನೀರಿಗೆ ಹಾಕು, ಗಾಳಿಯ ಗುಳ್ಳೆಯಿಲ್ಲದೆಯೂ ಎರಡೂ ಮೇಲೆಯೇ ನಿಲ್ಲುತ್ತವೆ. ಆಮೇಲೆ ಕರಗಿದ ತುಪ್ಪದಲ್ಲಿ ಗಟ್ಟಿ ತುಪ್ಪ ಮುಳುಗುವುದನ್ನೂ ನೀರಿನಲ್ಲಿ ಮಂಜುಗಡ್ಡೆ ತೇಲುವುದನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸು. ಹೆಪ್ಪುಗಟ್ಟಿದಾಗ ಹಿಗ್ಗುವ ನೀರು ಎಂಥ ಅಪರೂಪದ ದ್ರವವೆಂಬುದು ಆಗ ಮಾತ್ರ ತಿಳಿಯುತ್ತದೆ. ತೇಲಲು ತುಂಬ ನೀರು ಬೇಕೆಂಬುದು ಇನ್ನೊಂದು ನಂಬಿಕೆ. ಒಂದರೊಳಗೊಂದು ಸಡಿಲವಾಗಿ ಕೂರುವ ಎರಡು ಲೋಟಗಳನ್ನು ತೆಗೆದುಕೊಂಡು, ನಡುವಿನ ಸಂದಿಗೆ ಕೆಲವು ಚಮಚ ನೀರು ಹುಯ್ದರೆ ಒಳಗಿನ ಲೋಟ ತಳ ಬಿಟ್ಟು ಏಳುತ್ತದೆ. ಸುತ್ತಲೂ ಇರುವ ನೀರಿನ ಪ್ರಮಾಣ ಲೆಕ್ಕಕ್ಕಿಲ್ಲ, ಮಟ್ಟ ಎಷ್ಟು ಎತ್ತರಕ್ಕಿದೆ ಎಂಬುದೇ ಮುಖ್ಯ.

ನೀರಿನ ಮೇಲೆ ಸೂಜಿ ನಿಲ್ಲಿಸುವ ಆಟವನ್ನು ಈ ಪಾಠದ ಜೊತೆ ಬೆರೆಸಬೇಡ. ಅದು ಮೇಲ್ಮೈ ಎಳೆತದ ಕೆಲಸ, ಒಂದು ತೊಟ್ಟು ಸೋಪಿನ ನೀರು ಬಿದ್ದರೆ ಸೂಜಿ ಮುಳುಗುತ್ತದೆ. ಅದಕ್ಕೆ ಬೇರೊಂದು ದಿನ ಇರಲಿ.

ನೀನಿರುವ ಜಾಗ ಈ ಪಾಠಕ್ಕೆಂದೇ ಹೇಳಿ ಮಾಡಿಸಿದಂತಿದೆ. ಆನೆಗೊಂದಿಯ ಹತ್ತಿರ ತುಂಗಭದ್ರೆಯನ್ನು ಜನ ಹರಿಗೋಲಿನಲ್ಲಿ ದಾಟುತ್ತಿದ್ದುದನ್ನು ಹದಿನಾರನೆಯ ಶತಮಾನದಲ್ಲಿ, ಕೃಷ್ಣದೇವರಾಯನ ಕಾಲಕ್ಕೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ಗುಂಡಗಿರುವ, ಒಳಗೆ ಬೆತ್ತದ ಹೆಣಿಗೆ ಮತ್ತು ಹೊರಗೆ ತೊಗಲಿನ ಹೊದಿಕೆಯ ಆ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದುವೆಂದೂ, ಬೇಕಾದಾಗ ಕುದುರೆ ಎತ್ತುಗಳನ್ನೂ ದಾಟಿಸಬಹುದಿತ್ತೆಂದೂ ಅವನ ವಿವರಣೆಯಲ್ಲಿದೆ. ಮಕ್ಕಳಿಗೆ ಇದನ್ನು ಹೇಳಿ ಲೆಕ್ಕ ಕೊಡು. ಎರಡೂವರೆ ಮೀಟರ್ ವ್ಯಾಸದ, ತಳ ಚಪ್ಪಟೆಯಾಗಿರುವ ಹರಿಗೋಲೊಂದನ್ನು ಊಹಿಸಿಕೊಂಡರೆ ಅದರ ತಳದ ವಿಸ್ತೀರ್ಣ ಸುಮಾರು 4.9 ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಇಳಿದರೆ 49 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, ಅಂದರೆ 49 ಕಿಲೋ ಭಾರಕ್ಕೆ ಆಸರೆ ಸಿಗುತ್ತದೆ. ಒಬ್ಬ ಹುಡುಗ ಹತ್ತಿದರೆ ಹರಿಗೋಲು ಬೆರಳಿನ ಅಗಲಕ್ಕಿಂತ ಕಡಿಮೆಯೇ ಇಳಿಯುತ್ತದೆ, ಅರವತ್ತು ಕಿಲೋ ತೂಗುವ ಹದಿನೈದು ಜನ ಹತ್ತಿದರೆ ಸುಮಾರು ಹದಿನೆಂಟು ಸೆಂಟಿಮೀಟರ್ ಇಳಿಯುತ್ತದೆ. ಕಬ್ಬಿಣದ ಹಡಗು ಹೇಗೆ ತೇಲುತ್ತದೆ ಎಂಬ ಪ್ರಶ್ನೆಯನ್ನು ಇದಾದ ಮೇಲೆ ಕೇಳಿದರೆ ಉತ್ತರ ಮಕ್ಕಳಿಂದಲೇ ಬರುತ್ತದೆ. ಆದರೆ ಮಕ್ಕಳನ್ನು ಹೊಳೆಗೆ ಕರೆದೊಯ್ಯಬೇಡ, ಅಣೆಕಟ್ಟೆಯಿಂದ ನೀರು ಬಿಡುವ ಹೊಳೆಯ ಪಾತ್ರವನ್ನು ನಂಬುವಂತಿಲ್ಲ. ಹಳೆಯ ಬೋಗುಣಿಯೂ ಅಂಗಡಿಯ ತೂಕದ ಬಟ್ಟುಗಳೂ ಆ ಕೆಲಸಕ್ಕೆ ಸಾಕು.

ಗಂಗಾವತಿ ಸೀಮೆ ಭತ್ತದ ಕಣಜ. ಬಿತ್ತನೆಗೆ ಮುಂಚೆ ಭತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳನ್ನು ಬೇರ್ಪಡಿಸುವ ಪದ್ಧತಿಯನ್ನು ಮಕ್ಕಳ ಮನೆಗಳಲ್ಲಿ ಯಾರಾದರೂ ಬಲ್ಲವರು ಇರುತ್ತಾರೆ. ತಾಜಾ ಕೋಳಿಮೊಟ್ಟೆ ಸಿಹಿನೀರಿನಲ್ಲಿ ಮುಳುಗುತ್ತದೆ. ಅದು ಮೇಲೆದ್ದು ಸ್ವಲ್ಪ ಭಾಗ ಹೊರಗೆ ಕಾಣುವವರೆಗೂ ಉಪ್ಪು ಕರಗಿಸಿ, ಆ ನೀರಿಗೆ ಬೀಜ ಹಾಕಿದರೆ ಅರೆಬಲಿತ ಕಾಳುಗಳೂ ತೇಲಿ ಬರುತ್ತವೆ, ಗಟ್ಟಿ ಕಾಳುಗಳು ತಳದಲ್ಲಿ ಉಳಿಯುತ್ತವೆ. ಆಮೇಲೆ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯದಿದ್ದರೆ ಮೊಳಕೆಗೆ ಕೆಡುಕು. ಬರಿಯ ನೀರಿನಲ್ಲಿ ಪೂರಾ ಜೊಳ್ಳು ಮಾತ್ರ ತೇಲುತ್ತದೆ, ಅರೆಬಲಿತ ಕಾಳನ್ನು ಎತ್ತಲು ದ್ರವದ ಸಾಂದ್ರತೆಯನ್ನೇ ಏರಿಸಬೇಕು. ತೇಲುವುದು ವಸ್ತುವಿನ ಗುಣವೊಂದೇ ಅಲ್ಲ, ದ್ರವಕ್ಕೂ ಅದರಲ್ಲಿ ಪಾಲಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ತಿಳಿದಿಲ್ಲ. ಹಾಲಿನಲ್ಲಿ ತೇಲಿಬಿಟ್ಟು ಅದರ ಸಾಂದ್ರತೆಯನ್ನು ಅಳೆಯುವ, ಡೇರಿಯ ಲ್ಯಾಕ್ಟೋಮೀಟರನ್ನೂ ಇದರೊಂದಿಗೆ ಹೇಳಬಹುದು. ನೀರು ಬೆರೆತ ಹಾಲಿನಲ್ಲಿ ಅದು ಹೆಚ್ಚು ಮುಳುಗುತ್ತದೆ. ಕೆನೆ ಹಗುರವಾದ್ದರಿಂದ ಕೆನೆ ತೆಗೆದ ಹಾಲಿನಲ್ಲಿ ಅದು ಮೇಲೇಳುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದವರನ್ನು ಲ್ಯಾಕ್ಟೋಮೀಟರ್ ಒಂದೇ ಹಿಡಿಯಲಾರದು, ಹಾಗಾಗಿ ಜಿಡ್ಡಿನ ಅಂಶವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

ಆರ್ಕಿಮಿಡೀಸನ ಕಿರೀಟದ ಕಥೆಯನ್ನು ಹೇಳು, ಆದರೆ ಎಚ್ಚರದಿಂದ ಹೇಳು. ರಾಜನ ಚಿನ್ನದ ಕಿರೀಟದಲ್ಲಿ ಅಕ್ಕಸಾಲಿ ಬೆಳ್ಳಿ ಬೆರೆಸಿದ್ದನ್ನು, ಕಿರೀಟ ಹೊರಚೆಲ್ಲಿದ ನೀರಿನಿಂದಲೇ ಅವನು ಪತ್ತೆಹಚ್ಚಿದನೆಂಬುದು ಆ ಕಥೆ. ಅವನು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಸಿರಾಕ್ಯೂಸಿನಲ್ಲಿದ್ದವನು. ತೇಲುವ ವಸ್ತುಗಳನ್ನು ಕುರಿತ ಅವನ ಸ್ವಂತ ಗ್ರಂಥದಲ್ಲಿ ಕಿರೀಟದ ಪ್ರಸ್ತಾಪವಿಲ್ಲ, ಆ ಕಥೆ ನಮಗೆ ಬಂದಿರುವುದು ಸುಮಾರು ಎರಡು ಶತಮಾನಗಳ ಅನಂತರದ ರೋಮನ್ ವಾಸ್ತುತಜ್ಞ ವಿಟ್ರೂವಿಯಸ್ಸನಿಂದ. ಒಂದು ಕಿಲೋ ಅಪ್ಪಟ ಚಿನ್ನದ ಗಾತ್ರ ಸುಮಾರು 52 ಘನ ಸೆಂಟಿಮೀಟರ್. ಅದರಲ್ಲಿ ನೂರಕ್ಕೆ ಮೂವತ್ತರಷ್ಟು ಬೆಳ್ಳಿ ಸೇರಿದ್ದರೆ ಸುಮಾರು 65. ಇಪ್ಪತ್ತು ಸೆಂಟಿಮೀಟರ್ ವ್ಯಾಸದ ಪಾತ್ರೆಯಲ್ಲಿ ಈ ವ್ಯತ್ಯಾಸದಿಂದ ನೀರಿನ ಮಟ್ಟ ಅರ್ಧ ಮಿಲಿಮೀಟರಿನಷ್ಟೂ ಏರುವುದಿಲ್ಲ, ಅಷ್ಟನ್ನು ನೋಡಿ ಕಳವು ಹಿಡಿಯುವುದು ಕಷ್ಟ. ಗೆಲಿಲಿಯೋ 1586ರಲ್ಲಿ, ಇನ್ನೂ ಇಪ್ಪತ್ತೆರಡರ ಹರೆಯದಲ್ಲಿ, ನೀರಿನಲ್ಲಿ ತೂಗುವ ತಕ್ಕಡಿಯ ವಿಧಾನವೇ ಆರ್ಕಿಮಿಡೀಸನಿಗೆ ತಕ್ಕದ್ದೆಂದು ವಾದಿಸಿದನು. ಅದನ್ನು ನಿನ್ನ ತರಗತಿಯಲ್ಲಿಯೇ ಮಾಡಬಹುದು. ಒಂದು ಕೋಲಿನ ಎರಡು ತುದಿಗಳಿಗೆ ಸಮತೂಕದ ಕಬ್ಬಿಣದ ಮತ್ತು ಅಲ್ಯೂಮಿನಿಯಮ್ಮಿನ ತುಂಡುಗಳನ್ನು ಕಟ್ಟಿ ಸಮತೋಲಕ್ಕೆ ತಂದು, ಎರಡನ್ನೂ ಒಟ್ಟಿಗೆ ನೀರಿಗೆ ಇಳಿಸಿದರೆ ಅಲ್ಯೂಮಿನಿಯಮ್ಮಿನ ತುದಿ ಮೇಲೇಳುತ್ತದೆ. ಕಳ್ಳ ಅಕ್ಕಸಾಲಿಯನ್ನು ಹಿಡಿಯುವ ಬಗೆಯನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಘಟಕ ಪರೀಕ್ಷೆಯಲ್ಲಿ ಆರ್ಕಿಮಿಡೀಸನ ತತ್ವದ ನಿರೂಪಣೆ ಬರೆಯಿರಿ ಎಂಬ ಪ್ರಶ್ನೆಗೆ ಎರಡು ಅಂಕವಿದ್ದರೆ ಇರಲಿ. ಅದರ ಜೊತೆಗೆ ಇನ್ನೊಂದನ್ನು ಸೇರಿಸು. ಬೋಗುಣಿಯ ನೀರಿನಲ್ಲಿ ತೇಲುತ್ತಿರುವ ಆಟದ ಹರಿಗೋಲಿನಲ್ಲಿ ಒಂದು ಕಲ್ಲಿದೆ, ಆ ಕಲ್ಲನ್ನು ತೆಗೆದು ಬೋಗುಣಿಯ ನೀರಿಗೇ ಹಾಕಿದರೆ ನೀರಿನ ಮಟ್ಟ ಏರುತ್ತದೆಯೋ, ಇಳಿಯುತ್ತದೆಯೋ, ಹಾಗೆಯೇ ಇರುತ್ತದೆಯೋ, ಕಾರಣ ಸಹಿತ ಬರೆಯಿರಿ ಎಂದು ಕೇಳು. ನಮ್ಮ 260 ಗ್ರಾಂ ಕಲ್ಲು ಹರಿಗೋಲಿನಲ್ಲಿದ್ದಾಗ 260 ಘನ ಸೆಂಟಿಮೀಟರ್ ನೀರನ್ನು ಸರಿಸಿರುತ್ತದೆ, ತಳ ಸೇರಿದಾಗ ತನ್ನ ಗಾತ್ರದಷ್ಟು, ಅಂದರೆ 100 ಮಾತ್ರ, ಆದ್ದರಿಂದ ಮಟ್ಟ ಇಳಿಯಲೇಬೇಕು. ಉತ್ತರಕ್ಕೆ ಒಂದು ಅಂಕ, ಕಾರಣಕ್ಕೆ ಮೂರು ಅಂಕ ಇಡು. ಮಕ್ಕಳು ಬರೆದ ಕಾರಣಗಳಲ್ಲಿ ನಿನಗೆ ಸರಿಯೆಂದು ತೋರಿದವನ್ನೂ ತಪ್ಪೆಂದು ತೋರಿದವನ್ನೂ, ಮುಖ್ಯವಾಗಿ ಎತ್ತ ಹಾಕಬೇಕೆಂದು ತಿಳಿಯದವನ್ನೂ, ಅವರ ಮಾತಿನಲ್ಲಿಯೇ ಬರೆದು ನನಗೆ ಕಳಿಸು. ಓದಿ ವಿವರವಾಗಿ ಉತ್ತರಿಸುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ