ಸ್ನೋಫ್ಲೇಕ್ ಬ್ಯಾಡ್ಜ್ ಮಾಡುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸ್ನೋಫ್ಲೇಕ್ (ಕ್ಲೌಡ್‌ನಲ್ಲಿ ಡೇಟಾ ಇಟ್ಟು ವಿಶ್ಲೇಷಿಸುವ ಸೇವೆ) ಕಲಿತು ಪಡೆಯುವ ಮೊದಲನೇ ಬ್ಯಾಡ್ಜ್‌ಗೆ (ಡೇಟಾ ವೇರ್‌ಹೌಸಿಂಗ್ ವರ್ಕ್‌ಶಾಪ್) ಕೂರುವವರು ಇದನ್ನು ಓದಿಕೊಂಡೇ ಟ್ರಯಲ್ ಖಾತೆ ತೆರೆಯಿರಿ. ಅದರ ಅವಧಿ 30 ದಿನ, ಹಾಗಾಗಿ ಬಿಡುವು ನೋಡಿಕೊಂಡು ಶುರು ಮಾಡಿ. ಕ್ಲೌಡ್ ಕಂಪನಿ, ರೀಜನ್ (ಸರ್ವರ್‌ಗಳಿರುವ ಪ್ರದೇಶ) ಎರಡನ್ನೂ ಪಾಠದಲ್ಲಿ ಹೇಳಿದಂತೆಯೇ ಆರಿಸಿ. ಹತ್ತಿರ ಅಂತ ಮುಂಬೈ ಒತ್ತಬೇಡಿ, ಆ ಖಾತೆಯ ರೀಜನ್ ಆಮೇಲೆ ಬದಲಾಗದು.

ಹೆಚ್ಚಿನವರು ಸಿಕ್ಕಿಬೀಳುವುದು ರೋಲ್‌ನಲ್ಲಿ, ಅಂದರೆ ಯಾವ ಅಧಿಕಾರದಲ್ಲಿ ಕೆಲಸ ಮಾಡುತ್ತಿದ್ದೀರಿ ಎನ್ನುವುದರಲ್ಲಿ. ಅಕೌಂಟ್‌ಅಡ್ಮಿನ್ (ಅತಿ ಹೆಚ್ಚು ಅಧಿಕಾರದ) ರೋಲ್‌ನಲ್ಲಿದ್ದು ಟೇಬಲ್ ಮಾಡಿದರೆ ಅದರ ಒಡೆತನ ಆ ರೋಲ್‌ಗೇ ಹೋಗುತ್ತದೆ. ನಂತರ ಅದಕ್ಕಿಂತ ಕೆಳಗಿನ ಸಿಸ್‌ಅಡ್ಮಿನ್ ರೋಲ್‌ಗೆ ಬದಲಾಯಿಸಿದರೆ 'ಟೇಬಲ್ ಇಲ್ಲ ಅಥವಾ ಅನುಮತಿ ಇಲ್ಲ' ಎಂಬ ಎರರ್. ಟೇಬಲ್ ಎಲ್ಲೂ ಹೋಗಿರುವುದಿಲ್ಲ! ಅಳಿಸಿ ಮತ್ತೆ ಮಾಡುವ ಬದಲು ಒಡೆತನವನ್ನು ಸಿಸ್‌ಅಡ್ಮಿನ್‌ಗೆ ಗ್ರಾಂಟ್ ಮಾಡಿ (ವಹಿಸಿಕೊಡಿ). ವರ್ಕ್‌ಶೀಟ್‌ನ (ಕೋಡ್ ಬರೆಯುವ ಪುಟದ) ಮೇಲ್ಭಾಗದಲ್ಲಿ ರೋಲ್, ವೇರ್‌ಹೌಸ್ (ಕೋಡ್ ಓಡಿಸುವ ಕಂಪ್ಯೂಟರ್ ಶಕ್ತಿ), ಡೇಟಾಬೇಸ್ ಏನಿದೆ ಅಂತ ಪ್ರತಿಸಲ ನೋಡಿ.

ಇನ್ನೊಂದು, ಹೆಸರುಗಳಿಗೆ ಡಬಲ್ ಕೋಟ್ ಹಾಕಬೇಡಿ. ಕೋಟ್ ಇಲ್ಲದ ಹೆಸರು ತಾನಾಗಿ ದೊಡ್ಡಕ್ಷರವಾಗುತ್ತದೆ. ಕೋಟ್ ಒಳಗಿನ ಸಣ್ಣಕ್ಷರ ಹಾಗೇ ಉಳಿದು, ನಿಮ್ಮ ಕೆಲಸವನ್ನು ತಾನಾಗಿ ತಪಾಸಣೆ ಮಾಡುವ ಡೋರಾ ಎಂಬ ವ್ಯವಸ್ಥೆಗೆ ನಿಮ್ಮ ಟೇಬಲ್ ಸಿಗದೇ ಹೋಗಬಹುದು.

ಡೋರಾ ಕೋಡ್ ಇದ್ದದ್ದು ಇದ್ದಂತೆ ರನ್ ಆಗಲಿ. ಸರಿ ಎಂಬ ಟಿಕ್ ಬರಲಿಲ್ಲವೆಂದು ಅದನ್ನು ತಿದ್ದುವುದು ಶುದ್ಧ ದಂಡ.

ವೇರ್‌ಹೌಸ್ ಎಕ್ಸ್-ಸ್ಮಾಲ್ ಸಾಕು, ಗಂಟೆಗೆ 1 ಕ್ರೆಡಿಟ್ (ಬಳಕೆಯ ಖರ್ಚು ಅಳೆಯುವ ಘಟಕ). ಪ್ರತಿಸಲ ಎದ್ದಾಗ ಕನಿಷ್ಠ 60 ಸೆಕೆಂಡ್ ಲೆಕ್ಕ ಹಿಡಿಯುತ್ತದೆ. ಆಟೋ ಸಸ್ಪೆಂಡ್ (ಕೆಲಸವಿಲ್ಲದಾಗ ತಾನಾಗಿ ನಿಲ್ಲುವ ಸಮಯ) 1 ನಿಮಿಷಕ್ಕೆ ಇಳಿಸಿ.

ಎರರ್ ಬಂದರೆ ರೋಲ್ ಕಾಣುವಂತೆ ಪೂರ್ತಿ ಸ್ಕ್ರೀನ್‌ಶಾಟ್ ಹಾಕಿ. ಪಾಸ್‌ವರ್ಡ್ ಬೇಡ.