ಡಿಸೆಂಬರ್ ಒಂದರಿಂದ ಬಿಡಿ ಪಾರ್ಸಲ್ ಇಲ್ರಿ, ಜೋಡಿ ಅಷ್ಟ

ನಮಸ್ಕಾರ್ರಿ ಎಲ್ಲಾರಿಗೂ,

ಧಾರವಾಡ ಹುಬ್ಬಳ್ಳಿ ಎರಡೂ ಕಡೆ ನಮ್ಮ ಅಡಗಿಮನಿ ಡಬ್ಬಿ ತಗೋಳೋ ಅಕ್ಕಾರು ಅಣ್ಣಾರು, ಸಪ್ತಾಪುರದ ಕಡೆ ರೂಮ್ ಮಾಡ್ಕೊಂಡು ಓದಾಕ ಬಂದಿರೋ ಹುಡುಗ್ರು ಹುಡುಗ್ಯಾರು, ಎಲ್ಲಾರೂ ಇದನ್ನ ಪೂರ್ತಿ ಓದ್ರಿ. ಉದ್ದ ಐತಿ ಖರೆ, ಆದ್ರ ರೇಟಿನ ವಿಷಯಾನೂ ಇದರಾಗ ಐತಿ, ಅರ್ಧಕ್ಕ ಬಿಟ್ಟು ಆಮ್ಯಾಲ ಫೋನ್ ಮಾಡಿ ಜಗಳಾ ತಗೀಬ್ಯಾಡ್ರಿ.

ಡಿಸೆಂಬರ್ ಒಂದರಿಂದ ಚಟ್ನಿ, ಖಾರ, ಸಾರು ಇವನ್ನ ಬಿಡಿಬಿಡಿ ಕೊಡೂದು ನಿಲ್ಲಿಸ್ತೀವಿ. ಯಾವುದಕ್ಕ ಯಾವುದು ಹೊಂದತೈತೋ ಅದು ಅದರ ಜೋಡಿನ ಬರ್ತೈತಿ. ಕರಿಂಡಿ (ಅಗಸಿ, ಹಸಿ ಮೆಣಸಿನಕಾಯಿ ಹುಳಿ ಚಟ್ನಿ) ಕೂಡ ರೊಟ್ಟಿ ಮತ್ತ ಬೆಣ್ಣಿ, ಗುರೆಳ್ಳ (ಹುಚ್ಚೆಳ್ಳಿನ) ಚಟ್ನಿ ಕೂಡ ಗಟ್ಟಿ ಮೊಸರು, ಕಟ್ಟಿನ ಸಾರಿನ ಕೂಡ ಹೋಳಿಗಿ. "ಮೊಸರು ತಗದು ರೊಕ್ಕ ಕಡಿಮಿ ಮಾಡ್ರಿ" ಅನ್ನೂದು ಇನ್ನ ಮುಂದ ನಡಿಯಂಗಿಲ್ಲ.

ಯಾಕ ಅಂತ ಕೇಳ್ತೀರಿ. ವಾಟ್ಸಾಪ್‌ನಾಗ ಲಿಸ್ಟ್ ಹಾಕಾಕ ಶುರು ಮಾಡಿದ ಮ್ಯಾಲ ಮಂದಿ ಒಂದೊಂದ ಐಟಂ ಆರಿಸ್ಕೊಂಡು ತಗೊಳ್ಳಾಕ ಹತ್ತಿದ್ರು, ಒಬ್ರು ಬರೇ ಕರಿಂಡಿ ತರಿಸ್ಕೊಂಡು ಬ್ರೆಡ್ಡಿಗೆ ಹಚ್ಚಿ ತಿಂದು ನಾಲಿಗಿ ಸುಟ್ಟಿತು ಅಂತ ಮೆಸೇಜ್ ಹಾಕ್ತಾರ, ಇನ್ನೊಬ್ರು ಗುರೆಳ್ಳ ಪುಡಿ ಒಣದ ಬಾಯಿಗೆ ಹಾಕ್ಕೊಂಡು ಕಹಿ ಐತಿ ಅಂತಾರ, ಮತ್ತೊಬ್ರು ಕಟ್ಟಿನ ಸಾರಿನಾಗ ಸಿಹಿ ಯಾಕ ಬಂತು ಬೆಲ್ಲಾ ತಪ್ಪಿ ಬಿತ್ತೇನು ಅಂತ ಕೇಳ್ತಾರ. ಅಡಗಿ ಅದ ಐತಿ, ಕೈ ಅದ ಐತಿ. ಜೋಡಿ ಬಿಡಿಸಿದ್ದಕ್ಕ ರುಚಿ ಕೆಟ್ಟೈತಿ.

ಕರಿಂಡಿ ಸೀಸನ್ ಈಗ ಬಂದೈತಿ, ಅದರದ ಮೊದಲ ಹೇಳ್ತೀವಿ. ಅಗಸಿ, ಹಸಿ ಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು ಕೂಡಿಸಿ ತರಿತರಿ ಅರದು, ಅದರಾಗ ಗಜ್ಜರಿ ಸವತಿಕಾಯಿ ಹೋಳು ಹಾಕಿ ಇಟ್ಟು ಹುಳಿ ಬರಿಸೋದು. ಅದು ಒಂಟಿಯಾಗಿ ತಿನ್ನೋ ಪದಾರ್ಥ ಅಲ್ಲವೇ ಅಲ್ಲ. ರೊಟ್ಟಿ ಮುರದು, ಕರಿಂಡಿ ಹಚ್ಚಿ, ಮ್ಯಾಲೊಂದು ಬೆಣ್ಣಿ ಮುದ್ದಿ ಇಟ್ಟು ಬಾಯಾಗ ಹಾಕ್ಕೊಂಡ್ರ ಖಾರ, ಹುಳಿ, ಜಿಡ್ಡು ಮೂರೂ ಒಮ್ಮೆಲೆ ಬರ್ತಾವು. ಬೆಣ್ಣಿ ಇಲ್ಲಿ ಶೋಕಿಗೆ ಇಟ್ಟಿದ್ದಲ್ರಿ. ಮೆಣಸಿನಕಾಯಿ ಖಾರ ಅಂದ್ರ ಅದರಾಗಿನ ಕ್ಯಾಪ್ಸೈಸಿನ್, ಅದು ನೀರಿನಾಗ ಕರಗೂದಿಲ್ಲ ಜಿಡ್ಡಿನಾಗ ಕರಗತೈತಿ, ಹಾಲು ಮೊಸರಿನಾಗಿನ ಕೇಸಿನ್ ಅನ್ನೋ ಪ್ರೋಟೀನೂ ಅದನ್ನ ಹಿಡ್ಕೊಂಡು ನಾಲಿಗಿ ಮ್ಯಾಲಿಂದ ಕರ್ಕೊಂಡು ಹೋಗತೈತಿ. ಖಾರ ಹತ್ತಿತು ಅಂತ ಗಟಗಟ ನೀರು ಕುಡದ್ರ ಅದು ಬಾಯಿ ತುಂಬ ಹರಡತೈತಿ ಅಷ್ಟ. ನಮ್ಮ ಅಜ್ಜಿಗೊಳಿಗೆ ಕ್ಯಾಪ್ಸೈಸಿನ್ ಹೆಸರು ಗೊತ್ತಿರಲಿಲ್ಲ, ಬೆಣ್ಣಿ ಎಲ್ಲಿ ಇಡಬೇಕು ಅನ್ನೂದು ಮಾತ್ರ ಗೊತ್ತಿತ್ತು.

ಇಲ್ಲಿ ಒಂದ ಮಾತು, ಕೆಂಪ ಖಾರ (ಕೆಂಪ ಮೆಣಸಿನಕಾಯಿ ಚಟ್ನಿ) ನೋಡಿ ಹೆದರಿ ಹಸರ ಕರಿಂಡಿ ತಗೊಳ್ಳೋರು ಭಾಳ ಮಂದಿ ಅದಾರ, ಅದು ಉಲ್ಟಾ ಐತ್ರಿ. ನಾವು ಕೆಂಪ ಖಾರಕ್ಕ ಹಾಕೋದು ಹಾವೇರಿ ಜಿಲ್ಲಾ ಬ್ಯಾಡಗಿ ಮೆಣಸಿನಕಾಯಿ, 2011ರಾಗ ಜಿಐ ಟ್ಯಾಗ್ (ಆ ಊರಿನ ಬೆಳಿ ಅನ್ನೋ ಸರ್ಕಾರಿ ಗುರುತು) ಸಿಕ್ಕಿದ್ದು, ಅದರ ಹೆಸರು ಆಗಿದ್ದ ಬಣ್ಣಕ್ಕ, ಖಾರಕ್ಕ ಅಲ್ಲ. ಡಬ್ಬಿ ಅನ್ನೋ ಜಾತಿ ಅಂತೂ ಸುಕ್ಕುಸುಕ್ಕಾಗಿ ಕಡುಗೆಂಪು ಇರ್ತೈತಿ, ತಾಟು ತುಂಬ ಕೆಂಪಾದ್ರೂ ಬಾಯಿ ಉರಿಯಂಗಿಲ್ಲ. ಖಾರ ತಡಿಯಂಗಿಲ್ಲ ಅನ್ನೋರು ಕೆಂಪ ಖಾರ ಮೊಸರು ಜೋಡಿ ತಗೋರಿ.

ಗುರೆಳ್ಳು ಎಣ್ಣಿ ಕಾಳು, ಹುರದು ಕುಟ್ಟಿದ್ರ ಘಮ್ ಅಂತೈತಿ ಆದ್ರ ಹಿಂದಿಂದ ಒಂಚೂರು ಕಹಿ ಇದ್ದ ಇರ್ತೈತಿ. ಗಟ್ಟಿ ಮೊಸರಿನಾಗ ಕಲಸಿದ್ರ ಆ ಕಹಿ ಅಡಗಿ ಕಂಪು ಉಳೀತೈತಿ. ಇದನ್ನ ಅರ್ಧ ಕೆಜಿ ಪಾಕೀಟಿನಾಗ ಮಾರೂದೂ ನಿಲ್ಲಿಸ್ತೀವಿ, ಎಣ್ಣಿ ಕಾಳಿನ ಪುಡಿ ಭಾಳ ದಿನ ಇಟ್ರ ಕಮಟು ವಾಸನಿ ಬರ್ತೈತಿ, ಇನ್ನ 100 ಗ್ರಾಂ ಅಷ್ಟ, ಮುಗಿದ್ರ ಮತ್ತ ತಗೋರಿ. ಅಗಸಿ ಚಟ್ನಿಗೂ ಇದ ಮಾತು.

ಈಗ ಕಟ್ಟಿನ ಸಾರು. ಇದಕ್ಕ ಭಾಳ ಮಂದಿ ಸಿಟ್ಟಾಗ್ತೀರಿ ಅಂತ ಗೊತ್ತೈತಿ, ಯಾಕಂದ್ರ ದಿನಾ ಬೇಕು ಅನ್ನೋರು ಅದೀರಿ. ದಿನಾ ಕೊಡಾಕ ಆಗಂಗಿಲ್ರಿ. ಹೋಳಿಗಿಗೆ ಕಡ್ಲಿಬ್ಯಾಳಿನ್ನ ನೀರು ಜಾಸ್ತಿ ಇಟ್ಟು ಕುದಿಸಿ ಬಸೀತೀವಲ್ಲ, ಆ ಬಸದ ನೀರ ಕಟ್ಟು. ಬ್ಯಾಳಿ ಬೆಲ್ಲದ ಕೂಡ ಹೂರಣ ಆಗತೈತಿ, ಕಟ್ಟಿಗೆ ಹುಣಸಿಹುಳಿ, ಕೊಬ್ಬರಿ, ಮಸಾಲಿ ಬಿದ್ದು ಸಾರು ಆಗತೈತಿ, ಅದರ ಮ್ಯಾಲ ಒಂದ ಚೂರು ಹೂರಣಾನೂ ಸಾರಿಗೆ ಕದಡತೀವಿ, ನೀವು ಕೇಳಿದ ಸಿಹಿ ಬಂದಿದ್ದು ಅಲ್ಲಿಂದ. ಒಂದ ಬೋಗೋಣಿಯಿಂದ ಎರಡೂ ಬಂದಿರ್ತಾವು. ಬರೇ ಸಾರಿಗೆ ಅಂತ ದಿನಾ ಬ್ಯಾಳಿ ಕುದಿಸಿದ್ರ ಆ ಬ್ಯಾಳಿ ಯಾರಿಗೆ ಹಾಕೂಣು? ಹಂಗಂತ ಕಟ್ಟು ಇಲ್ದ ತೊಗರಿಬ್ಯಾಳಿ ನೀರಾಗ ಮಾಡಿ ಕಟ್ಟಿನ ಸಾರು ಅಂತ ಹೆಸರು ಬರದು ಕೊಡೂದು ನಮಗ ಒಗ್ಗಂಗಿಲ್ಲ. ಅದಕ್ಕ ಅಮಾಸಿ, ಹುಣ್ಣಿಮಿ ಮತ್ತ ಹಬ್ಬದ ದಿನ ಹೋಳಿಗಿ ಕೂಡ ಸಾರು, ಉಳಿದ ದಿನ ಖಾರಬ್ಯಾಳಿ.

ಬೆಂಗಳೂರು ಮೈಸೂರು ಕಡೆಯಿಂದ ಬ್ಯಾಂಕಿಗೆ ವರ್ಗಾ ಆಗಿ ಬಂದ ಗ್ರಾಹಕರು ಸಿಹಿ ಹೋಳಿಗಿ ಖಾರದ ಸಾರು ಒಂದ ತಾಟಿನಾಗ ಹೆಂಗ್ರಿ ಅಂತ ಕೇಳಿದ್ರು. ನಿಮ್ಮ ಕಡೆ ಒಬ್ಬಟ್ಟಿನ ಸಾರು ಮಾಡ್ತೀರಲ್ಲರಿ, ಹಂಗಾದ್ರ ನಿಮಗೇನ ಹೊಸದಲ್ಲ. ಇಲ್ಲಿ ಮೊದಲ ಹೋಳಿಗಿ ಹಾಲು ತುಪ್ಪದಾಗ ಹಿಚುಕಿ ಉಂಡು, ಬಾಯಿ ಸಿಹಿಯಾಗಿ ಸಾಕು ಅನ್ನೂದ್ರಾಗ ಅನ್ನ ಸಾರು ಬರ್ತೈತಿ, ಜೋಡಿ ಹಪ್ಪಳ ಸಂಡಿಗಿ, ಆಮ್ಯಾಲ ಮತ್ತ ಒಂದ ಹೋಳಿಗಿ ಹೋಗತೈತಿ. ಸಾರು ಉಳಿದ್ರ ಚೆಲ್ಲಬ್ಯಾಡ್ರಿ, ಮರುದಿನ ಕುದಿಸಿ ಉಣ್ರಿ, ನಮ್ಮನ್ನ ಕೇಳಿದ್ರ ಅದ ಹೆಚ್ಚು ರುಚಿ. ಬ್ಯಾಸಗಿಯಾಗ ಆಪೂಸ ಬಂದ ಮ್ಯಾಲ ಹೋಳಿಗಿ ಜೋಡಿ ಮಾವಿನ ಸೀಕರಣಿ ಹಾಕ್ತೀವಿ, ಅದನ್ನ ಆವಾಗ ಹೇಳ್ತೀವಿ.

ಗಿರ್ಮಿಟ್ ಪಾರ್ಸಲ್ ಕಲಸಿ ಕೊಡೂದು ಬಂದ್. ಧಾರವಾಡದಿಂದ ಹುಬ್ಬಳ್ಳಿ ಮುಟ್ಟೋ ಹೊತ್ತಿಗೆ 20 ಕಿಲೋಮೀಟರಿನಾಗ ಚುರಮುರಿ ಮೆತ್ತಗ ಆಗಿರ್ತೈತಿ. ಇನ್ನ ಚುರಮುರಿ, ಹುಣಸಿ ಬೆಲ್ಲದ ಗೊಜ್ಜು, ಪುಠಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ ಬ್ಯಾರೆ ಬ್ಯಾರೆ ಬರ್ತಾವು, ತಿನ್ನೋ ಟೈಮಿಗೆ ನೀವ ಕಲಸ್ಕೋರಿ. ಅದರ ಜೋಡಿ ಮಿರ್ಚಿ ಭಜಿ ಮಾತ್ರ ಪಾರ್ಸಲ್ ಇಲ್ಲ, ಬಿಸಿದು ಬೇಕಂದ್ರ ಸಂಜಿ ಮುಂದ ಇಲ್ಲೇ ಬರ್ರಿ.

ರೊಟ್ಟಿಯಾಗ ಎರಡು ಥರಾ, ಮೆತ್ತಗಿನ ಬಿಸಿ ರೊಟ್ಟಿ ಮತ್ತ ಒಣಗಿಸಿದ ಕಟಕ ರೊಟ್ಟಿ. ಜೋಳದಾಗ ಹಿಟ್ಟು ಹಿಡಿದಿಡೋ ಗ್ಲುಟನ್ ಅನ್ನೋ ಅಂಟು ಇಲ್ಲ, ಅದಕ್ಕ ಹಿಟ್ಟಿಗೆ ಕುದಿಯೋ ನೀರು ಹಾಕಿ ನಾದಿ ಕೈಲೆ ಬಡೀಬೇಕಾಗತೈತಿ, ಬಿಸಿ ರೊಟ್ಟಿ ಆರಿದ್ರ ಬಿರುಸಾಗತೈತಿ. ಎಣ್ಣಿಗಾಯಿ ಬದ್ನಿಕಾಯಿ, ಝುಣಕ, ಪುಂಡಿಪಲ್ಲೆ ಇವಕ್ಕೆಲ್ಲಾ ಬಿಸಿ ರೊಟ್ಟಿ, ಚಟ್ನಿ ಮೊಸರಿಗೆ ಕಟಕ ರೊಟ್ಟಿ. ಕಾಳಿನ ಪಲ್ಲೆ ಒಂದಾದ್ರೂ ಇರ್ಲಿ ಅಂತ ನಾವು ಒತ್ತಿ ಹೇಳೂದಕ್ಕೂ ಕಾರಣ ಐತಿ, ಜೋಳದಾಗ ಲೈಸಿನ್ ಅನ್ನೋ ಪ್ರೋಟೀನಿನ ಅಂಶ ಕಡಿಮಿ, ಬ್ಯಾಳಿಕಾಳಿನಾಗ ಅದು ಛಲೋ ಇರ್ತೈತಿ. ಬೆಳಿಗ್ಗೆ ಚಹಾದಾಗ ಕಟಕ ರೊಟ್ಟಿ ಮುರದು ಹಾಕ್ಕೊಂಡು ತಿನ್ನೋರಿಗೆ ಯಾವ ಜೋಡಿನೂ ಬೇಕಾಗಿಲ್ಲ, ಅವರಿಗೆ ಬರೇ ರೊಟ್ಟಿ ಪಾಕೀಟು ಮೊದಲಿನಂಗ ಸಿಗತೈತಿ.

ಈ ಜೋಡಿಗೊಳು ನಾವು ಕುಂತು ಲೆಕ್ಕಾ ಹಾಕಿ ಮಾಡಿದ್ದಲ್ಲ. ಶ್ರಾವಣದಾಗ ರೊಟ್ಟಿ ಪಂಚಮಿ ದಿನ ಓಣಿಯಾಗ ಮನಿಮನಿಗೆ ರೊಟ್ಟಿ ಪಲ್ಲೆ ಚಟ್ನಿ ಹಂಚ್ತಾರಲ್ಲ, ಆವಾಗ ಯಾರೂ ಬರೇ ಚಟ್ನಿ ಕಳಸಂಗಿಲ್ಲ, ರೊಟ್ಟಿ ಮ್ಯಾಲ ಎಲ್ಲಾ ಇಟ್ಟ ಕಳಸ್ತಾರ. ಅದನ್ನ ನೋಡ್ಕೊಂಡ ಬೆಳದವರು ನಾವು.

ರೇಟು: ರೊಟ್ಟಿದು ಏನೂ ಏರಿಸಿಲ್ಲ. ಕರಿಂಡಿ 40 ರೂಪಾಯಿ ಇದ್ದದ್ದು ಬೆಣ್ಣಿ ಕೂಡಿ 60, ಗುರೆಳ್ಳು ಮೊಸರು 50. ಹಾಲಿಂದು ಏನೂ ತಿನ್ನಂಗಿಲ್ಲ ಅನ್ನೋರು ಆರ್ಡರ್ ಮಾಡುವಾಗ ಹೇಳ್ರಿ, ಬೆಣ್ಣಿ ಬದ್ಲಿ ಕುಸುಬಿ ಎಣ್ಣಿ ಕೊಡ್ತೀವಿ. ಖಾರದ ನಡುವ ಕುಳಿ ಮಾಡಿ ಎಣ್ಣಿ ಹಾಕ್ಕೊಂಡು ಉಣ್ಣೂದೂ ಹಳೇ ಪದ್ಧತಿನ, ಬೆಣ್ಣಿಗಿಂತ ಅದ ಛಲೋ ಅನ್ನೋರು ನಮ್ಮೊಳಗ ಅದಾರ, ದಿನಾ ವಾದ ನಡೀತೈತಿ.

ಎಳ್ಳ ಅಮಾಸಿಗೆ ಹೊಲಕ್ಕ ಚರಗಾ (ಭೂಮಿತಾಯಿಗೆ ಎಡಿ) ಒಯ್ಯೋರು, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೆಣ್ಣಿ, ಎಣ್ಣಿಗಾಯಿ ಬೇಕನ್ನೋರು ಮೂರು ದಿನ ಮೊದಲ ಹೇಳ್ರಿ. ಕಡೀ ಘಳಿಗಿಗೆ ಫೋನ್ ಮಾಡಿ "ಅಕ್ಕಾ ಹೆಂಗಾರ ಮಾಡಿ" ಅಂದ್ರ ರೊಟ್ಟಿ ಬಡಿಯೋ ಕೈ ಇರೂದು ಎರಡ ಅಲ್ಲೇನ್ರಿ. ಮತ್ತ ಮೊಸರು ಬೆಣ್ಣಿ ಸ್ಟೀಲ್ ಡಬ್ಬಿಯಾಗ ಬರ್ತಾವು, ತೊಳದು ಮರುದಿನ ಡಬ್ಬಿ ತರೋ ಹುಡುಗನ ಕೈಯಾಗ ಕೊಟ್ಟುಬಿಡ್ರಿ. ಹಾಸ್ಟೆಲ್ಲಿನವರು ಮುಚ್ಚಳಾನೂ ಕೊಡ್ರಿ.

ನಿಮ್ಮ ಅಡಗಿಮನಿ ಅಕ್ಕಂದಿರು
ಧಾರವಾಡ